ಬೆಂಚು ಕೊಟ್ಟವರು ಬಂದು ಕೂರಲಿ

ಜುಲೈ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಸೇವಾ ಸಂಸ್ಥೆಗಳ ಪದಗ್ರಹಣದ ಸುದ್ದಿಗಳು ಸಾಲುಗಟ್ಟುತ್ತವೆ. ರೋಟರಿ, ಲಯನ್ಸ್, ಇನ್ನರ್‌ವ್ಹೀಲ್. ಊರು ಬೇರೆ, ಹೆಸರು ಬೇರೆ. ವರದಿಯ ಕೊನೆಯ ಸಾಲು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ‘ಇದೇ ಸಂದರ್ಭದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಬುಕ್ ವಿತರಿಸಲಾಯಿತು.’ ಆ ಸಾಲಿಗೆ ಬೆಲೆಯಿದೆ. ಮೂರು ಮಕ್ಕಳನ್ನು ಶಾಲೆಗೆ ಕಳಿಸುವ ಕೂಲಿಕಾರ ತಾಯಿಗೆ ಒಂದೊಂದು ಡಜನ್ ನೋಟ್‌ಬುಕ್ ಎಂದರೆ ಎಷ್ಟು ದಿನದ ದುಡಿಮೆ ಎಂದು ಬಲ್ಲವರು ಅದನ್ನು ಸಣ್ಣದೆನ್ನಲಾರರು. ಆದರೆ ಆ ನೋಟ್‌ಬುಕ್ಕಿನಲ್ಲಿ ಮಗು ಏನು ಬರೆಯಿತು, ಬರೆದದ್ದನ್ನು ತಾನೇ ಓದಬಲ್ಲದೆ ಎಂದು ಮಾರ್ಚ್‌ನಲ್ಲಿ ಮತ್ತೆ ಹೋಗಿ ನೋಡಿದವರ ಸುದ್ದಿ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಕಡಿಮೆ.

ಈಚೆಗೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಗೋಡೆಗೆ ಹೊಸ ಬಣ್ಣ, ಕೋಣೆಗಳಲ್ಲಿ ಡೆಸ್ಕು, ಕುಡಿಯುವ ನೀರಿನ ಯಂತ್ರ, ಗಾಜಿನ ಬಾಗಿಲಿನ ಬೀರು ತುಂಬ ಕಥೆ ಪುಸ್ತಕ. ಪ್ರತಿಯೊಂದರ ಮೇಲೂ ಕೊಟ್ಟವರ ಹೆಸರು. ಬೀರುವಿಗೆ ಬೀಗ ಹಾಕಿತ್ತು. ಕೀಲಿ ತರಿಸಿ, ಒಂದು ಪುಸ್ತಕ ತೆಗೆದು, ಐದನೇ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟೆ. ಕಾಗುಣಿತದ ಅಕ್ಷರಗಳನ್ನೆಲ್ಲ ಚುರುಕಾಗಿ ಓದಿದಳು. ಒತ್ತಕ್ಷರ ಬಂದಲ್ಲಿ ನಿಂತಳು. ಬೆರಳು ಅಲ್ಲೇ ಉಳಿಯಿತು, ಕಣ್ಣು ನನ್ನ ಮುಖದ ಕಡೆ ತಿರುಗಿತು. ನಾನು ಹೇಳಿಕೊಟ್ಟೆ, ಮುಂದೆ ಹೋದಳು. ಮುಂದಿನ ಒತ್ತಿನಲ್ಲಿ ಮತ್ತೆ ನಿಂತಳು. ಎರಡನೇ ಪುಟದ ಹೊತ್ತಿಗೆ ನಿಲ್ಲುವುದು ಕಡಿಮೆಯಾಯಿತು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದ ಶಿಕ್ಷಕಿ ಆಗ ಹೇಳಿದ ಮಾತು ನನ್ನನ್ನು ಬಿಟ್ಟು ಹೋಗಿಲ್ಲ: ‘ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿದರೆ ಎಲ್ಲರೂ ಕಲೀತಾರೆ. ಹಾಗೆ ಕೂರೋಕೆ ನಮಗೆ ಹೊತ್ತೆಲ್ಲಿದೆ?’

ಆ ಶಾಲೆಗೆ ಎಲ್ಲವೂ ಬಂದಿತ್ತು. ಮಗುವಿನ ಪಕ್ಕ ಕೂರುವ ಒಬ್ಬ ಹಿರಿಯರು ಬಂದಿರಲಿಲ್ಲ. ಈ ವಾರ ನಾನು ಹೇಳಹೊರಟಿರುವುದು ಇಷ್ಟೇ: ನಮ್ಮ ಸೇವಾ ಸಂಸ್ಥೆಗಳು ಶಾಲೆಗಳಿಗೆ ವಸ್ತುಗಳನ್ನು ಧಾರಾಳವಾಗಿ ಕೊಟ್ಟಿವೆ, ಇನ್ನು ಹೊತ್ತು ಕೊಡಬೇಕು, ಅದೂ ವರ್ಷಗಟ್ಟಲೆ.

ಈ ಸಂಸ್ಥೆಗಳ ಶಕ್ತಿ ಸಣ್ಣದಲ್ಲ. 1905ರಲ್ಲಿ ಶಿಕಾಗೋದ ವಕೀಲ ಪಾಲ್ ಹ್ಯಾರಿಸ್ ಕಟ್ಟಿದ ರೋಟರಿ, 1917ರಲ್ಲಿ ಅದೇ ಊರಿನಲ್ಲಿ ಮೆಲ್ವಿನ್ ಜೋನ್ಸ್ ಹುಟ್ಟುಹಾಕಿದ ಲಯನ್ಸ್ ಇವತ್ತು ನಮ್ಮ ತಾಲ್ಲೂಕು ಕೇಂದ್ರಗಳವರೆಗೂ ಬಂದಿವೆ. ವೈದ್ಯರು, ವಕೀಲರು, ವರ್ತಕರು, ಎಂಜಿನಿಯರುಗಳು, ನಿವೃತ್ತ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂರುವ ಜಾಗ ಸಣ್ಣ ಊರುಗಳಲ್ಲಿ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ಭಾರತದ ರೋಟರಿ ಕ್ಲಬ್‌ಗಳು 2014ರಲ್ಲಿ ಸಾಕ್ಷರತಾ ಮಿಷನ್ ಆರಂಭಿಸಿ ‘ಟೀಚ್’ ಎಂಬ ಐದು ಭಾಗಗಳ ಕಾರ್ಯಕ್ರಮ ರೂಪಿಸಿದವು: ಶಿಕ್ಷಕರಿಗೆ ಬೆಂಬಲ, ಇ-ಕಲಿಕೆ, ವಯಸ್ಕರ ಸಾಕ್ಷರತೆ, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ತರುವುದು, ಮತ್ತು ‘ಹ್ಯಾಪಿ ಸ್ಕೂಲ್’. ಈ ಕೊನೆಯದರಲ್ಲಿ ಬಣ್ಣ ಬಳಿದ ಕಟ್ಟಡ, ಶುದ್ಧ ನೀರು, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ, ಗ್ರಂಥಾಲಯ, ಆಟದ ಸಾಮಾನು, ಡೆಸ್ಕು ಬೆಂಚು ಎಲ್ಲವೂ ಸೇರಿವೆ. ಶೌಚಾಲಯವಿಲ್ಲದ ಕಾರಣಕ್ಕೇ ದೊಡ್ಡವಳಾದ ಮಗಳನ್ನು ಶಾಲೆ ಬಿಡಿಸಿದ ಮನೆಗಳು ನಮ್ಮಲ್ಲಿವೆ. ಅಂಥ ಕಡೆ ಒಂದು ಶೌಚಾಲಯ ಕಟ್ಟಿಸುವುದೂ ಅಕ್ಷರದ ಕೆಲಸವೇ.

ತೊಡಕಿರುವುದು ಕಾಲದ ಲೆಕ್ಕದಲ್ಲಿ. ಕ್ಲಬ್ಬಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷರು ಬದಲಾಗುತ್ತಾರೆ, ಅವರೊಂದಿಗೆ ಯೋಜನೆಯೂ ಬದಲಾಗುತ್ತದೆ. ಹೋದ ವರ್ಷ ಡೆಸ್ಕು ಕೊಟ್ಟ ಶಾಲೆ ಈ ವರ್ಷದ ಪಟ್ಟಿಯಲ್ಲಿ ಇರುವುದಿಲ್ಲ; ಈ ವರ್ಷ ಸ್ಮಾರ್ಟ್ ಕ್ಲಾಸ್ ಬೇರೆ ಊರಿಗೆ. ಹಳೆಯ ಶಾಲೆಯಲ್ಲಿ ಪ್ರೊಜೆಕ್ಟರಿನ ಬಲ್ಬು ಹೋದರೆ ಹಾಕಿಸುವವರಿಲ್ಲ. ಮಗುವಿನ ಓದಿನ ಲೆಕ್ಕ ಹೀಗಿಲ್ಲ. ಒಂದನೇ ತರಗತಿಯಲ್ಲಿ ಅಕ್ಷರ ಗುರುತಿಸಿದ ಮಗು ಸರಾಗವಾಗಿ ಓದುವಂತಾಗಲು ಮೂರು ವರ್ಷವಾದರೂ ಬೇಕು. ಒಂದು ವರ್ಷದ ಅಧಿಕಾರಾವಧಿಗೆ ಮೂರು ವರ್ಷದ ಕೆಲಸ ಹೊಂದುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ವ್ಯವಸ್ಥೆಯೇ ಹಾಗಿದೆ. ಆದರೆ ವ್ಯವಸ್ಥೆಯನ್ನು ಮೀರಿ ನಿಂತ ಉದಾಹರಣೆ ಇದೇ ಸಂಸ್ಥೆಗಳ ಚರಿತ್ರೆಯಲ್ಲಿದೆ.

ಪೋಲಿಯೊ ನಿರ್ಮೂಲನೆಗೆ ರೋಟರಿ ಕೈಹಾಕಿದ್ದು 1985ರಲ್ಲಿ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿನಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ಪ್ರದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ನಡುವೆ ಎಷ್ಟು ಮಂದಿ ಅಧ್ಯಕ್ಷರು ಬಂದು ಹೋದರೋ, ಕೆಲಸ ಮಾತ್ರ ನಿಲ್ಲಲಿಲ್ಲ. ಸರ್ಕಾರದ ಆರೋಗ್ಯ ಕಾರ್ಯಕರ್ತೆಯರ ಜೊತೆ ಕ್ಲಬ್ಬಿನವರು ಭಾನುವಾರ ಬೂತಿನಲ್ಲಿ ಕೂತರು. ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿದರು. ಮಗು ತಪ್ಪಿಹೋದ ಮನೆಯ ಬಾಗಿಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಮರುದಿನ ಅದೇ ಮನೆಗೆ ಮತ್ತೆ ಹೋದರು. ಎಷ್ಟು ಲಸಿಕೆ ಹಂಚಿದೆವು ಎಂಬ ಲೆಕ್ಕಕ್ಕಿಂತ ಯಾವ ಮಗು ತಪ್ಪಿಹೋಯಿತು ಎಂಬ ಲೆಕ್ಕ ಅಲ್ಲಿ ಮುಖ್ಯವಾಗಿತ್ತು. ಅಕ್ಷರಕ್ಕೆ ಎರಡು ಹನಿ ಸಾಲದು, ದಿನವೂ ಹಾಕಬೇಕು. ಅದು ಇನ್ನೂ ಕಷ್ಟದ ಕೆಲಸ. ಆದರೂ ತಪ್ಪಿಹೋದ ಮಗುವನ್ನು ಹುಡುಕಿಕೊಂಡು ಮತ್ತೆ ಹೋಗುವ ಆ ಛಲ ಶಾಲೆಯ ಬಾಗಿಲಿಗೂ ಬರಬೇಕಾಗಿದೆ.

ಬಂದ ಕಡೆ ಫಲವೂ ಸಿಕ್ಕಿದೆ. 1980ರ ದಶಕದಲ್ಲಿ ಥಾಯ್ಲೆಂಡಿನ ಈಶಾನ್ಯ ಭಾಗದ ಬಡ ಜಿಲ್ಲೆಗಳಲ್ಲಿ ಮಕ್ಕಳು ಓದು ಹತ್ತದೆ ಅದೇ ತರಗತಿಯಲ್ಲಿ ಉಳಿಯುತ್ತಿದ್ದರು. ಮನೆಯಲ್ಲಿ ಆಡುವುದು ಲಾವೊ ಅಥವಾ ಖ್ಮೇರ್, ಶಾಲೆಯಲ್ಲಿ ಕೇಳುವುದು ಥಾಯ್. ಆಸ್ಟ್ರೇಲಿಯಾದ ಶಿಕ್ಷಣತಜ್ಞ, ಸ್ವತಃ ರೋಟರಿ ಸದಸ್ಯ ರಿಚರ್ಡ್ ವಾಕರ್ ಅಲ್ಲಿನ ವಿಶ್ವವಿದ್ಯಾಲಯದವರೊಂದಿಗೆ ಸೇರಿ ಒಂದು ಬೋಧನಾ ಕ್ರಮ ರೂಪಿಸಿದರು. ರೋಟರಿ ಪ್ರತಿಷ್ಠಾನ ಹಣ ಕೊಟ್ಟಿತು. ಕ್ರಮ ಸರಳವಾದದ್ದು. ಮಕ್ಕಳೆಲ್ಲ ಸೇರಿ ಏನಾದರೊಂದು ಕೆಲಸ ಮಾಡುತ್ತಾರೆ, ಅಡುಗೆಯೋ ಆಟವೋ. ಮಾಡಿದ್ದನ್ನು ತಮ್ಮ ಬಾಯಲ್ಲೇ ಹೇಳುತ್ತಾರೆ. ಹೇಳಿದ್ದನ್ನು ಶಿಕ್ಷಕರು ದೊಡ್ಡ ಹಾಳೆಯಲ್ಲಿ ಬರೆಯುತ್ತಾರೆ. ಚಿತ್ರ ಹಚ್ಚಿದರೆ ಅದೇ ಅವರ ಮೊದಲ ಪುಸ್ತಕ. ತಾವೇ ಹೇಳಿದ ಮಾತನ್ನು ತಾವೇ ಓದುವಾಗ ಮಗುವಿಗೆ ಅಕ್ಷರದ ಅಂಜಿಕೆ ಇರುವುದಿಲ್ಲ. ಕೆಲವು ಶಾಲೆಗಳಲ್ಲಿ ಶುರುವಾದ ಈ ಕ್ರಮವನ್ನು ಮುಂದೆ ಥಾಯ್ ಸರ್ಕಾರವೇ ಕೈಗೆತ್ತಿಕೊಂಡಿತು. ಬೇರೆ ದೇಶಗಳಿಗೂ ಅದು ಹೋಯಿತು. ಲಂಬಾಣಿ ತಾಂಡಾದಿಂದ, ತುಳು ಅಥವಾ ಉರ್ದು ಮಾತಿನ ಮನೆಯಿಂದ ಬಂದು ಕನ್ನಡ ಅಕ್ಷರದ ಮುಂದೆ ಕೂರುವ ನಮ್ಮ ಮಗುವಿಗೂ ಈ ದಾರಿ ಸಲ್ಲುತ್ತದೆ. ಇದಕ್ಕೆ ಬೇಕಾದ ಸಲಕರಣೆ ದೊಡ್ಡ ಹಾಳೆ, ಸ್ಕೆಚ್ ಪೆನ್ನು, ಮತ್ತು ಕೇಳಿಸಿಕೊಳ್ಳುವ ಕಿವಿ.

ಹೊತ್ತು ಕೊಡುವುದು ನಮ್ಮ ನೆಲಕ್ಕೆ ಹೊಸದಲ್ಲ. 1940ರ ದಶಕದಲ್ಲೇ ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣದ ಚಳವಳಿ ನಡೆಯಿತು. ಹೊಸದಾಗಿ ಅಕ್ಷರ ಕಲಿತವರಿಗೆ ಓದಲು ಏನಾದರೂ ಬೇಕಲ್ಲ ಎಂದು ವಯಸ್ಕರ ಶಿಕ್ಷಣ ಸಮಿತಿಯವರು ‘ಬೆಳಕು’ ಎಂಬ ವಾರಪತ್ರಿಕೆಯನ್ನೇ ಹೊರಡಿಸಿದರು. ಓದು ಕಲಿಸಿ ಓದಲು ಏನೂ ಕೊಡದಿದ್ದರೆ ಅಕ್ಷರ ಮರೆತುಹೋಗುತ್ತದೆ ಎಂಬ ಅರಿವು ಅವರಿಗಿತ್ತು. 1990ರಲ್ಲಿ ಕೇರಳದ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾದಾಗ ಅದರ ಹಿಂದೆ ಇದ್ದವರು ಸಾವಿರಾರು ಸ್ವಯಂಸೇವಕರು. ಅಲ್ಲಿಂದ ಹೊತ್ತಿದ ಕಿಡಿ ನಮ್ಮ ಜಿಲ್ಲೆಗಳಿಗೂ ತಗುಲಿತು. ಆಗ ಸಂಜೆ ಲಾಟೀನು ಹಿಡಿದು ಕೇರಿಗೆ ಹೋಗಿ ಸ್ಲೇಟು ಕೊಟ್ಟು ಕಲಿಸಿದವರು ಇವತ್ತಿಗೂ ಆ ದಿನಗಳನ್ನು ನೆನೆಯುತ್ತಾರೆ.

ಕೆಲಸ ಮುಗಿದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ 75.36. ದಕ್ಷಿಣ ಕನ್ನಡದಲ್ಲಿ ಶೇ 88 ದಾಟಿದ್ದರೆ ಯಾದಗಿರಿಯಲ್ಲಿ ಶೇ 51.83. ರಾಜ್ಯದಲ್ಲಿ ನೂರು ಹೆಣ್ಣುಮಕ್ಕಳಲ್ಲಿ ಮೂವತ್ತೆರಡು ಮಂದಿಗೆ ಆಗ ಓದು ಬರಹ ಬರುತ್ತಿರಲಿಲ್ಲ. ಬಡತನ, ಗುಳೆ, ಬಾಲ್ಯವಿವಾಹ ಇವೆಲ್ಲ ಈ ಅಂಕಿಯ ಹಿಂದಿವೆ. ಕ್ಲಬ್‌ಗಳು ಇರುವುದು ಪಟ್ಟಣಗಳಲ್ಲಿ. ಅಕ್ಷರದ ಹಸಿವು ಹೆಚ್ಚಿರುವುದು ಪಟ್ಟಣದಿಂದ ಮೂವತ್ತು ಕಿಲೋಮೀಟರ್ ಆಚೆಯ ತಾಂಡಾ, ದೊಡ್ಡಿಗಳಲ್ಲಿ. ಆ ದಾರಿಯನ್ನು ಸವೆಸಬೇಕು. ಮಂಗಳೂರು, ಬೆಂಗಳೂರಿನ ಸಿರಿವಂತ ಕ್ಲಬ್ ಒಂದು ಯಾದಗಿರಿ, ರಾಯಚೂರಿನ ಕ್ಲಬ್ಬಿನ ಕೈ ಹಿಡಿದರೆ ಆ ದಾರಿ ಇನ್ನಷ್ಟು ಹತ್ತಿರವಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಹತ್ತು ಶಾಲೆ ಬೇಡ, ಒಂದೇ ಶಾಲೆ ಸಾಕು. ಆದರೆ ಐದು ವರ್ಷ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಜೊತೆ ಕೂತು ಬರಹದಲ್ಲೇ ಒಪ್ಪಂದವಾಗಲಿ, ಮುಂದಿನ ಐವರು ಅಧ್ಯಕ್ಷರೂ ಅದಕ್ಕೆ ಬದ್ಧರೆಂದು ಕ್ಲಬ್ ನಿರ್ಣಯ ಮಾಡಲಿ. ಶನಿವಾರ ಬೆಳಗಿನ ಶಾಲೆ. ಒಬ್ಬ ಸದಸ್ಯರು ಇಬ್ಬರು ಮಕ್ಕಳನ್ನು ವಹಿಸಿಕೊಂಡು, ಮುಖ್ಯ ಶಿಕ್ಷಕರ ಒಪ್ಪಿಗೆಯಿಂದ, ಎಲ್ಲರಿಗೂ ಕಾಣುವ ಜಗಲಿಯ ಮೇಲೆ ಕೂತು ಒಂದು ಗಂಟೆ ಓದಿಸಲಿ. ಅಲ್ಲಿ ಫೋಟೊ ಬೇಡ. ಓದು ಬಾರದ ಮಗುವಿಗೂ ಮಾನವಿದೆ. ಪ್ರೌಢಶಾಲೆಗಳಲ್ಲಿ ರೋಟರಿಯ ವಿದ್ಯಾರ್ಥಿ ಘಟಕಗಳಾದ ಇಂಟರ‍್ಯಾಕ್ಟ್ ಕ್ಲಬ್‌ಗಳಿವೆ. ಆ ಹುಡುಗ ಹುಡುಗಿಯರು ಮೂರನೇ ತರಗತಿಯ ತಮ್ಮಂದಿರಿಗೆ, ತಂಗಿಯರಿಗೆ ಕಥೆ ಓದಿ ಹೇಳಲಿ. ಬೀರುವಿನ ಬೀಗ ತೆಗೆಸಿ. ಪುಸ್ತಕ ಹರಿದರೆ ಹರಿಯಲಿ. ಹರಿದ ಪುಸ್ತಕ ಯಾರೋ ಓದಿದ ಪುಸ್ತಕ. ಜುಲೈನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಪ್ರತಿ ಮಗುವಿನಿಂದಲೂ ಒಂದು ಪುಟ ಓದಿಸಿ ಬರೆದಿಡಿ. ಕ್ಲಬ್ಬಿನ ವಾರ್ಷಿಕ ವರದಿಯಲ್ಲಿ ಹಂಚಿದ ನೋಟ್‌ಬುಕ್ಕಿನ ಸಂಖ್ಯೆಯ ಕೆಳಗೆ ಓದು ಕಲಿತ ಮಕ್ಕಳ ಸಂಖ್ಯೆಯೂ ಇರಲಿ.

ಇಷ್ಟೆಲ್ಲ ಹೇಳುವಾಗ ಒಂದು ಎಚ್ಚರ ಬೇಕು. ಮಗುವಿನ ಶಿಕ್ಷಣ ದಾನವಲ್ಲ, ಹಕ್ಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ಸರ್ಕಾರದ ಹೊಣೆಯೆಂದೇ ಹೇಳುತ್ತದೆ. ಖಾಲಿ ಬಿದ್ದ ಶಿಕ್ಷಕರ ಹುದ್ದೆಯನ್ನು ಯಾವ ಕ್ಲಬ್ಬೂ ತುಂಬಲಾರದು, ತುಂಬಲೂ ಬಾರದು. ಆದರೆ ಊರಿನಲ್ಲಿ ಮಾತಿಗೆ ತೂಕವಿರುವ ವೈದ್ಯರು, ವಕೀಲರು, ವರ್ತಕರು ಒಟ್ಟಾಗಿ ಶಾಸಕರ ಬಳಿ ಹೋಗಿ ‘ನಮ್ಮ ಶಾಲೆಗೆ ಮೇಷ್ಟ್ರು ಬೇಕು’ ಎಂದು ಕೇಳಿದರೆ ಆ ಕೇಳಿಕೆಗೆ ಬಲ ಬರುತ್ತದೆ. ಅದೂ ಸೇವೆಯೇ.

ಸೆಪ್ಟೆಂಬರ್ 8 ಅಂತರರಾಷ್ಟ್ರೀಯ ಸಾಕ್ಷರತಾ ದಿನ. ರೋಟರಿಯವರಿಗೆ ಇಡೀ ಸೆಪ್ಟೆಂಬರ್ ಶಿಕ್ಷಣ ಮತ್ತು ಸಾಕ್ಷರತೆಯ ಮಾಸ. ಬ್ಯಾನರುಗಳು ಸಿದ್ಧವಾಗುತ್ತಿರುತ್ತವೆ. ಕ್ಲಬ್‌ಗಳ ಸದಸ್ಯ ಬಂಧುಗಳಲ್ಲಿ ನನ್ನದೊಂದು ವಿನಂತಿ: ಈ ಬಾರಿ ಶಾಲೆಗೆ ಹೋದಾಗ ವೇದಿಕೆಯಿಂದ ಇಳಿದು, ನೀವೇ ಕೊಟ್ಟ ಬೆಂಚಿನ ಮೇಲೆ ಒಂದು ಮಗುವಿನ ಪಕ್ಕ ಕೂತುಕೊಳ್ಳಿ. ಅದರ ಬೆರಳು ಒತ್ತಕ್ಷರದ ಮೇಲೆ ನಿಂತಾಗ ಹೇಳಿಕೊಡಿ. ಮುಂದಿನ ಶನಿವಾರ ಮತ್ತೆ ಬರುತ್ತೇನೆಂದು ಹೇಳಿ, ತಪ್ಪದೆ ಬನ್ನಿ.