ತಿರುಪುಳಿಯ ಹಂಗಿಲ್ಲದ ಜೋಡಣೆ

ಮಲೆನಾಡಿನ ತಾಲ್ಲೂಕು ಪಟ್ಟಣವೊಂದರಿಂದ ಸೋದರಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿರುವರು. ಅವರ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಗಳು ಮನೆಯಲ್ಲಿ ಕುಳಿತೇ ಬೆಂಗಳೂರಿನ ವರ್ತಕರ ಲೆಕ್ಕಪತ್ರಗಳನ್ನು ಬರೆದು ಸಂಸಾರವನ್ನು ನಡೆಯಿಸುತ್ತಿರುವಳು. ಆ ಕೆಲಸಕ್ಕೆಂದು ಕೂಡಿಟ್ಟ ಹಣದಿಂದ ಒಂದು ಸಣ್ಣ ಕಂಪ್ಯೂಟರು, ಒಂದು ಮಾನಿಟರು, ಇವೆರಡನ್ನೂ ಹೊರತಕ್ಕ ಒಂದು ಸ್ಟ್ಯಾಂಡು, ಹೀಗೆ ಮೂರು ಪೆಟ್ಟಿಗೆಗಳನ್ನು ತರಿಸಿದ್ದಾರೆ. ಕೂಡಿಸುವುದಕ್ಕೆ ತಮ್ಮ ಆಳೇ ಬರಬೇಕು, ಅವನು ಬರಲು ಹತ್ತು ದಿನವಾಗುವುದು, ಅವನಿಗೆ ಬೇರೆ ಕೂಲಿಯನ್ನೂ ಕೊಡಬೇಕು ಎಂದು ಅಂಗಡಿಯವರು ಹೇಳಿದರಂತೆ. ಪೆಟ್ಟಿಗೆಯ ಮೇಲಾದರೋ ಯಾವ ಉಪಕರಣವೂ ಬೇಡವೆಂದು ಅಚ್ಚಾಗಿದೆ. ಹತ್ತು ದಿನ ಕೆಲಸ ನಿಂತರೆ ತಿಂಗಳ ಸಂಪಾದನೆಯಲ್ಲಿ ಮೂರನೆಯ ಒಂದು ಪಾಲು ಹೋದಂತೆ; ತಾವೇ ಕೈ ಹಾಕಿ ಕೆಡಿಸಿದರೆ ಇನ್ನೊಂದನ್ನು ಕೊಳ್ಳುವ ಶಕ್ತಿಯಿಲ್ಲ. ಏನು ಮಾಡುವುದೆಂದು ಕೇಳಿದ್ದಾರೆ.

ಇಬ್ಬರಿದ್ದರೆ ಸಾಕೆಂಬುದೇ ನನ್ನ ಉತ್ತರ. ಈ ಕೆಲಸಕ್ಕೆ ಬೇಕಾದವರು ಇಬ್ಬರೇ. ಒಬ್ಬರು ಹಿಡಿಯುವುದಕ್ಕೆ, ಒಬ್ಬರು ಸೇರಿಸುವುದಕ್ಕೆ. ಭಾರವೂ ಹೆಚ್ಚಿಲ್ಲ. ಈ ಸಣ್ಣ ಕಂಪ್ಯೂಟರುಗಳು ಉದ್ದಗಲದಲ್ಲಿ ಸುಮಾರು 18 ಸೆಂಟಿಮೀಟರು, ದಪ್ಪದಲ್ಲಿ ಮೂರೂವರೆ ಸೆಂಟಿಮೀಟರು; ಒಂದೂವರೆ ಕಿಲೋಗ್ರಾಂ ತೂಗಿದರೆ ಹೆಚ್ಚು. ದಪ್ಪನೆಯ ನಿಘಂಟೊಂದನ್ನು ಎತ್ತಬಲ್ಲ ಕೈ ಇದನ್ನೂ ಎತ್ತೀತು. 24 ಅಂಗುಲದ ಮಾನಿಟರು ತನ್ನ ಕಾಲಿಲ್ಲದೆ ಮೂರು ನಾಲ್ಕು ಕಿಲೋ ತೂಗುವುದು. ಭಾರಕ್ಕಿಂತ ಅದರ ಮುಖವೇ ಭಯಕ್ಕೆ ಕಾರಣ. ಹೆಬ್ಬೆರಳಿನಿಂದ ಒಮ್ಮೆ ಗಟ್ಟಿಯಾಗಿ ಒತ್ತಿದರೂ ಒಳಗಣ ತೆಳುವಾದ ಗಾಜು ಬಿರಿದು ಮಾನಿಟರು ಹಾಳಾಗಬಹುದು.

ಆದರೆ ಉಪಕರಣ ಬೇಡವೆಂಬ ಪೆಟ್ಟಿಗೆಯ ಮಾತನ್ನು ವಿಚಾರಿಸದೆ ಒಪ್ಪತಕ್ಕದ್ದಲ್ಲ. ಅದರಲ್ಲಿ ಹಲವು ಅರ್ಥಗಳು ಅಡಗಿವೆ. ಕೆಲವು ಮಾದರಿಗಳಲ್ಲಿ ನಿಜವಾಗಿಯೂ ಬರಿಗೈ ಸಾಕು. ಲೆನೊವೊ ಕಂಪನಿಯ ಟೈನಿ-ಇನ್-ಒನ್ ಎಂಬ ಮಾನಿಟರಿನ ಬೆನ್ನಿನಲ್ಲಿಯೇ ಒಂದು ಗೂಡಿದೆ; ಪುಟ್ಟ ಕಂಪ್ಯೂಟರನ್ನು ಅದರೊಳಕ್ಕೆ ಜಾರಿಸಿದರೆ ಅಲ್ಲಿಯೇ ಕಚ್ಚಿಕೊಳ್ಳುವುದು. ಡೆಲ್ ಕಂಪನಿಯವರು 2019ರಲ್ಲಿ ಆಪ್ಟಿಪ್ಲೆಕ್ಸ್ 7070 ಅಲ್ಟ್ರಾ ಎಂಬುದನ್ನು ಹೊರತಂದರು. ಅದರಲ್ಲಿ ಕಂಪ್ಯೂಟರು ಸ್ಟ್ಯಾಂಡಿನ ಕಂಬದೊಳಗೇ ಅಡಗಿ ಕೂರುವುದು. ಇನ್ನು ಕೆಲವು ಸ್ಟ್ಯಾಂಡುಗಳಲ್ಲಿ ಕಂಬದ ಹಿಂದೆ ಒಂದು ಪಂಜರವಿರುವುದು. ಇವಾವುವೂ ಅಲ್ಲದೆ, ಬರಿಯ ತಗಡಿನ ಫಲಕವೊಂದನ್ನು ಕೊಟ್ಟು, ಅದನ್ನು ನಾಲ್ಕು ಸ್ಕ್ರೂಗಳಿಂದ ಮಾನಿಟರಿನ ಬೆನ್ನಿಗೆ ಬಿಗಿದ ಮೇಲೆ ಕಂಪ್ಯೂಟರನ್ನು ಸುಲಭವಾಗಿ ಸಿಕ್ಕಿಸಬಹುದೆಂದು ಹೇಳುವವರೂ ಉಂಟು. ಅಲ್ಲಿ ಎರಡನೆಯ ಹೆಜ್ಜೆಗೆ ಮಾತ್ರ ಉಪಕರಣ ಬೇಡ. ಮೊದಲನೆಯದಕ್ಕೆ ತಿರುಪುಳಿ ಬೇಕೇ ಬೇಕು. ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿಯುವುದು ಲೇಸು.

ಆ ನಾಲ್ಕು ರಂಧ್ರಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡುವೆನು. ಮಾನಿಟರುಗಳ ಬೆನ್ನಿನಲ್ಲಿ ಚೌಕವಾಗಿ ನಾಲ್ಕು ರಂಧ್ರಗಳಿರುವುದನ್ನು ವಾಚಕರು ಕಂಡಿರಬಹುದು. ಇದು ವೆಸಾ ಎಂಬ ಸಂಘದವರು ಗೊತ್ತುಮಾಡಿದ ಅಳತೆ. ಈ ಸಾಲಿನ ಮೊದಲ ನಿಯಮವು 1997ರಲ್ಲಿ ಹೊರಬಂದಿತು. ಮನೆಯಲ್ಲಿ ಬಳಸುವ ಮಾನಿಟರುಗಳಲ್ಲಿ ರಂಧ್ರದ ನಡುವಿನಿಂದ ರಂಧ್ರದ ನಡುವಿಗೆ ಸಾಮಾನ್ಯವಾಗಿ 100 ಮಿಲಿಮೀಟರು, ಸಣ್ಣವುಗಳಲ್ಲಿ 75. ಮಕ್ಕಳ ಅಳತೆಪಟ್ಟಿಯಿಂದಲೇ ಅಳೆಯಬಹುದು. ಅಳತೆ ಹೊಂದದಿದ್ದರೆ ಯಾವ ಜಾಣತನವೂ ನಡೆಯದು. ಎರಡು ಮೈಗೂ ಅಂಟುವ ಪಟ್ಟಿಯಿಂದ ಕಂಪ್ಯೂಟರನ್ನು ಮಾನಿಟರಿನ ಬೆನ್ನಿಗೆ ಮೆತ್ತುವ ಪದ್ಧತಿಯನ್ನು ಕೆಲವು ಮನೆಗಳಲ್ಲಿ ಕಂಡಿದ್ದೇನೆ. ಯಂತ್ರ ಕಾಯುವುದು, ಅಂಟು ಮೆತ್ತಗಾಗುವುದು, ವೈಶಾಖದ ಒಂದು ಮಧ್ಯಾಹ್ನ ಎಲ್ಲವೂ ಕಳಚಿ ಬೀಳುವುದು. ಇದನ್ನು ನಾನು ಒಪ್ಪುವವನಲ್ಲ.

ಕಂಪ್ಯೂಟರೂ ಮಾನಿಟರೂ ಹುಟ್ಟುವಾಗಲೇ ಒಂದಾಗಿರುವ ಯಂತ್ರವನ್ನೇ ಏಕೆ ಕೊಳ್ಳಬಾರದೆಂದು ಯಾರಾದರೂ ಕೇಳಬಹುದು. 1998ರಲ್ಲಿ ಆಪಲ್ ಕಂಪನಿಯವರು ಹೊರತಂದ ಐಮ್ಯಾಕ್ ಆ ಬಗೆಯದು. ಅಂಥವು ಇಂದಿಗೂ ಬಹಳವಾಗಿ ಮಾರಾಟವಾಗುತ್ತಿವೆ. ನಮ್ಮ ತರ್ಕಶಾಸ್ತ್ರಕಾರರು ಕೂಡುವಿಕೆಯಲ್ಲಿ ಎರಡು ಬಗೆಗಳನ್ನು ಹೇಳುವರು. ಭೇರಿಗೂ ಕೋಲಿಗೂ ಆಗುವುದು ಸಂಯೋಗ; ಕೂಡಿದ್ದು ಅಗಲಬಹುದು, ಅಗಲಿದರೂ ಎರಡೂ ಉಳಿಯುವುವು. ನೂಲಿಗೂ ಬಟ್ಟೆಗೂ ಇರುವುದು ಸಮವಾಯ. ನೂಲನ್ನು ಬಿಡಿಸಿದರೆ ಬಟ್ಟೆಯೇ ಇಲ್ಲ. ಒಂದೇ ಮೈಯ ಯಂತ್ರದಲ್ಲಿ ಪರದೆ ಕೆಟ್ಟರೆ ಲೆಕ್ಕ ಮಾಡುವ ಭಾಗವೂ ಅದರೊಂದಿಗೆ ದುರಸ್ತಿಯ ಅಂಗಡಿಗೆ ಹೋಗಬೇಕು. ಸ್ಟ್ಯಾಂಡಿನ ಮೇಲೆ ಕೂಡಿಸಿದ ಜೋಡಿಯಲ್ಲಿ ಪರದೆ ಕೆಟ್ಟರೆ ಪರದೆಯನ್ನು ಮಾತ್ರ ಕಳುಹಿಸಿ, ನೆರೆಯವರಲ್ಲಿ ಒಂದು ಮಾನಿಟರನ್ನು ಎರವಲು ತಂದು ಕೆಲಸ ಸಾಗಿಸಬಹುದು. ದಿನದ ದುಡಿಮೆಯಿಂದ ದಿನ ಕಳೆಯುವ ಮನೆಗೆ ಸಂಯೋಗವೇ ಮೇಲೆಂದು ನನ್ನ ಅಭಿಪ್ರಾಯ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಮೂರು ಪೆಟ್ಟಿಗೆಗಳಲ್ಲಿರುವುದನ್ನೆಲ್ಲ ಹೊರತೆಗೆದು ಚಾಪೆಯ ಮೇಲೆ ಸಾಲಾಗಿ ಇಡಿರಿ. ಸ್ಟ್ಯಾಂಡಿನ ಜೊತೆಗೆ ಚಿತ್ರಗಳಿರುವ ಕಾಗದವೊಂದು ಇರುವುದು. ನನ್ನ ಮಾತಿಗೂ ಆ ಚಿತ್ರಕ್ಕೂ ಭೇದ ಕಂಡರೆ ಚಿತ್ರವೇ ಪ್ರಮಾಣ. ವಿದ್ಯುತ್ತಿನ ತಂತಿಯನ್ನು ಕಡೆಯವರೆಗೂ ಗೋಡೆಗೆ ಸಿಕ್ಕಿಸಬಾರದು. ಕೈಯ ಬಳೆ ಉಂಗುರಗಳನ್ನು ತೆಗೆದಿಟ್ಟರೆ ಪರದೆಗೆ ಗೀರು ಬೀಳುವುದಿಲ್ಲ. ಮೇಜಿನ ಮೇಲೆ ಮೆತ್ತನೆಯ ಕಂಬಳಿಯನ್ನು ನಾಲ್ಕು ಪದರಾಗಿ ಹಾಸಿ, ಅದರಡಿಯಲ್ಲಿ ಪೆನ್ನು, ಕೀಲಿಕೈ ಮೊದಲಾದುವು ಸಿಕ್ಕಿಕೊಂಡಿಲ್ಲವೆಂದು ಅಂಗೈಯಿಂದ ಸವರಿ ನೋಡಿ, ಮಾನಿಟರನ್ನು ಅಂಚುಗಳಲ್ಲಿ ಹಿಡಿದು ಬೋರಲಾಗಿ ಮಲಗಿಸಬೇಕು.

ಸ್ಟ್ಯಾಂಡಿಗೆ ಸಾಮಾನ್ಯವಾಗಿ ಎರಡು ಅಂಗಗಳು: ಕೆಳಗೆ ಪೀಠ, ಮೇಲೆ ಕಂಬ. ಕಂಬದ ಬುಡವನ್ನು ಪೀಠದ ಕುಳಿಯಲ್ಲಿ ಕೂರಿಸಿ, ಅಡಿಯಲ್ಲಿರುವ ಅಗಲ ತಲೆಯ ಸ್ಕ್ರೂವನ್ನು ತಿರುಗಿಸಬೇಕು. ಅದರ ತಲೆಗೆ ಮಡಚುವ ಹಿಡಿಯೊಂದು ಇರುವುದು. ಹಿಡಿಯನ್ನೆತ್ತಿ ಬೆರಳಿನಿಂದಲೇ ತಿರುಗಿಸಿ, ಬಿಗಿಯಾದ ಮೇಲೆ ಮಡಚಿಬಿಡಬೇಕು. ಮಡಚದೆ ಹಾಗೆಯೇ ಬಿಟ್ಟರೆ ಪೀಠವು ಮೇಜಿನ ಮೇಲೆ ಸಮನಾಗಿ ಕೂರದೆ ತೂಗಾಡುವುದು.

ಇಲ್ಲಿ ಒಂದು ಅಪಾಯವಿದೆ. ಇದನ್ನು ತಿಳಿಯಿಸುವುದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿರುವೆನೆಂದರೂ ಸಲ್ಲುವುದು. ಎತ್ತರವನ್ನು ಹೆಚ್ಚು ಕಡಿಮೆ ಮಾಡಬಲ್ಲ ಕಂಬದೊಳಗೆ ಬಲವಾದ ಸ್ಪ್ರಿಂಗಿನ ಏರ್ಪಾಡಿರುವುದು. ಮಾನಿಟರಿನ ಭಾರಕ್ಕೆ ಎದುರಾಗಿ ನಿಲ್ಲುವಂತೆ ಅದನ್ನು ಮಾಡಿರುವರು. ಪೆಟ್ಟಿಗೆಯಿಂದ ಬರುವಾಗ ಅನೇಕ ಕಂಬಗಳನ್ನು ಕೆಳಕ್ಕೆ ಒತ್ತಿ, ಒಂದು ಸಣ್ಣ ಕಡ್ಡಿಯಿಂದಲೋ ಗುಂಡಿಯಿಂದಲೋ ಬಂಧಿಸಿರುವರು. ಮಾನಿಟರನ್ನು ಸೇರಿಸುವ ಮೊದಲೇ ಆ ಕಡ್ಡಿಯನ್ನು ಎಳೆದರೆ ಮೇಲಿನ ತುಂಡು ಫಕ್ಕನೆ ಚಿಮ್ಮುವುದು. ಬಾಗಿ ನೋಡುತ್ತಿರುವವರ ಗಲ್ಲವೋ, ಪಕ್ಕದಲ್ಲಿ ನಿಂತ ಮಗುವಿನ ಮುಖವೋ ಅಲ್ಲಿದ್ದರೆ ಗತಿಯೇನು? ಆದುದರಿಂದ ಮಾನಿಟರು ಸೇರಿ ನೆಟ್ಟಗೆ ನಿಲ್ಲುವವರೆಗೆ ಕಡ್ಡಿಯನ್ನು ಮುಟ್ಟಬಾರದು. ಮುಂದೆ ಎಂದಾದರೂ ಮಾನಿಟರನ್ನು ಬಿಡಿಸುವಾಗಲೂ ಇದೇ ನಿಯಮವನ್ನು ತಿರುಗಿಸಿ ಪಾಲಿಸಬೇಕು: ಮೊದಲು ಕಂಬವನ್ನು ಅದರ ತುತ್ತತುದಿಗೆ ಏರಿಸಿ, ಸ್ಪ್ರಿಂಗಿನ ಬಲವೆಲ್ಲ ಕಳೆದ ಮೇಲೆ ಬಿಡಿಸಬೇಕು.

ಈಗ ಕಂಬದ ತಲೆಯಲ್ಲಿರುವ ಚೌಕ ಫಲಕವನ್ನು ನೋಡಿರಿ. ಅದರ ಮೇಲಂಚಿನಲ್ಲಿ ಎರಡು ನಾಲಗೆಗಳೂ, ಮಾನಿಟರಿನ ಬೆನ್ನಿನ ತಗ್ಗಿನಲ್ಲಿ ಅವಕ್ಕೆ ತಕ್ಕ ಎರಡು ಸೀಳುಗಳೂ ಇರುವುವು. ಮೊದಲು ನಾಲಗೆಗಳನ್ನು ಓರೆಯಾಗಿ ಸೀಳುಗಳೊಳಕ್ಕೆ ತೂರಿಸಿ, ಆಮೇಲೆ ಫಲಕದ ಕೆಳಭಾಗವನ್ನು ಮೆಲ್ಲನೆ ಒತ್ತಬೇಕು. ಬಾಗಿಲಿನ ಅಗುಳಿ ಬಿದ್ದಂತೆ ಟಕ್ಕೆಂದು ಒಂದು ಶಬ್ದವಾಗುವುದು. ತಿರುಪುಳಿಯಿಂದ ಬಿಗಿಯುವವನಿಗೆ ಬಿಗಿಯಾದುದು ಕೈಗೇ ತಿಳಿಯುತ್ತದೆ; ಇಲ್ಲಿ ಆ ಸಾಕ್ಷ್ಯವನ್ನು ಕಿವಿ ಹೇಳಬೇಕು. ಆದುದರಿಂದ ಈ ಹೊತ್ತಿನಲ್ಲಿ ಟೆಲಿವಿಷನ್ನನ್ನು ನಿಲ್ಲಿಸಿರಿ, ಮಾತನ್ನೂ ನಿಲ್ಲಿಸಿರಿ. ಶಬ್ದವಾಗದಿದ್ದರೆ ಬಲ ಹೆಚ್ಚಿಸಬೇಡಿರಿ. ಸರಿಯಾಗಿ ಕೂತದ್ದು ಸ್ವಲ್ಪ ಒತ್ತಿಗೇ ಕಚ್ಚುವುದು. ಕಚ್ಚದಿದ್ದರೆ ನಾಲಗೆಗಳಲ್ಲೊಂದು ಸೀಳಿನ ಹೊರಗೆ ಉಳಿದಿದೆಯೆಂದು ತಿಳಿದು, ಹೊರತೆಗೆದು ಮತ್ತೆ ತೂರಿಸಬೇಕು.

ಶಬ್ದ ಕೇಳಿದ ಮಾತ್ರಕ್ಕೆ ನಂಬಿಬಿಡಲೂ ಆಗದು. ಒಬ್ಬರು ಕಂಬವನ್ನೂ ಇನ್ನೊಬ್ಬರು ಮಾನಿಟರಿನ ಎರಡು ಅಂಚುಗಳನ್ನೂ ಹಿಡಿದು, ಕಂಬಳಿಯಿಂದ ಎರಡು ಬೆರಳಿನಷ್ಟು ಮಾತ್ರ ಮೇಲೆತ್ತಿ, ಮೆಲ್ಲನೆ ಅಲುಗಿಸಿ ನೋಡಬೇಕು. ಕಳಚುವುದಿದ್ದರೆ ಅಲ್ಲಿಯೇ ಕಂಬಳಿಯ ಮೇಲೆ ಕಳಚಲಿ. ಆ ಮೇಲೆ ನೆಟ್ಟಗೆ ನಿಲ್ಲಿಸಿ ಬಂಧನದ ಕಡ್ಡಿಯನ್ನು ತೆಗೆಯಬಹುದು. ತೆಗೆಯುವಾಗ ಮಾನಿಟರಿನ ಮೇಲಂಚಿನ ಮೇಲೆ ಒಂದು ಕೈ ಇರಲಿ. ಕೈ ಬಿಟ್ಟರೂ ಅದು ನಿಂತಲ್ಲಿ ನಿಂತಿದ್ದರೆ ಸ್ಟ್ಯಾಂಡಿಗೂ ಮಾನಿಟರಿಗೂ ಹೊಂದಿಕೆಯಾಯಿತೆಂದು ಅರ್ಥ. ತಾನಾಗಿ ಮೇಲಕ್ಕೇರುತ್ತಿದ್ದರೆ ಮಾನಿಟರು ಆ ಸ್ಪ್ರಿಂಗಿಗೆ ಹಗುರ, ಕುಸಿಯುತ್ತಿದ್ದರೆ ಭಾರ.

ಕಂಪ್ಯೂಟರನ್ನು ಪಂಜರದೊಳಗೆ ಇಡುವುದು ಇವೆಲ್ಲಕ್ಕಿಂತ ಸುಲಭ. ಹಿಂದಣ ಮುಚ್ಚಳವನ್ನು ಜಾರಿಸಿ ತೆಗೆದು, ತಂತಿ ಸಿಕ್ಕಿಸುವ ಮುಖ ಯಾವ ಕಡೆಗೆ ಬರಬೇಕೆಂದು ಚಿತ್ರದಲ್ಲಿ ನೋಡಿ, ಒಳಗಿಟ್ಟು ಕೊಂಡಿಯನ್ನು ಹಾಕಿದರಾಯಿತು.

ತಂತಿಗಳ ವಿಷಯದಲ್ಲಿ ತಾಳ್ಮೆ ಬೇಕು. ಪರದೆಗೆ ಚಿತ್ರವನ್ನೊಯ್ಯುವ ತಂತಿಗಳಲ್ಲಿ ಎರಡು ಜಾತಿಗಳು ಹೆಚ್ಚಾಗಿ ಕಾಣಬರುವುವು. ಡಿಸ್‌ಪ್ಲೇಪೋರ್ಟ್ ಎಂಬುದರ ಬಾಯಿಯಲ್ಲಿ ಒಂದು ಮೂಲೆ ಮಾತ್ರ ಓರೆ. ಎಚ್‌ಡಿಎಂಐ ಎಂಬುದರಲ್ಲಿ ಕೆಳಗಿನ ಎರಡು ಮೂಲೆಗಳೂ ಓರೆ. ಮೊದಲನೆಯದರ ತಲೆಯ ಮೇಲೆ ಬಹಳವಾಗಿ ಒಂದು ಒತ್ತುಗುಂಡಿಯಿರುವುದು; ಅದನ್ನು ಒತ್ತದೆ ಎಳೆದವರು ಯಂತ್ರದ ಬಾಯನ್ನೇ ಕಿತ್ತುಕೊಂಡಾರು. ಎಲ್ಲ ತಂತಿಗಳನ್ನು ಸಿಕ್ಕಿಸಿದೊಡನೆ ಬಿಗಿಯಾಗಿ ಕಟ್ಟಬಾರದು. ಮಾನಿಟರನ್ನು ಅತ್ಯಂತ ಎತ್ತರಕ್ಕೆ ಏರಿಸಿ, ಎರಡು ಪಕ್ಕಕ್ಕೂ ತಿರುಗಿಸಿ, ಆಗಲೂ ಯಾವ ತಂತಿಯೂ ಬಿಗಿಯುವುದಿಲ್ಲವೆಂದು ಕಂಡುಕೊಂಡ ಮೇಲೆ ಸಡಿಲವಾಗಿ ಕಟ್ಟುವುದು.

ನಮ್ಮ ಮನೆಗಳಲ್ಲಿ ಬೆಲೆಬಾಳುವ ಯಂತ್ರಕ್ಕೆಲ್ಲ ಕಸೂತಿಯ ಹೊದಿಕೆ ಹೊದಿಸುವ ವಾಡಿಕೆಯುಂಟು. ರೇಡಿಯೋ ಬಂದ ಕಾಲದಿಂದಲೂ ಇದನ್ನು ಕಂಡಿದ್ದೇವೆ. ಅದರ ಹಿಂದಿನ ಅಕ್ಕರೆಯನ್ನು ನಾನು ಅಲ್ಲಗಳೆಯೆನು. ಆದರೆ ಬೆನ್ನಿನಲ್ಲಿ ಕೂತ ಈ ಕಂಪ್ಯೂಟರು ತನ್ನ ಪುಟ್ಟ ಬೀಸಣಿಗೆಯಿಂದ ಉಸಿರಾಡುವುದು. ಅದು ನಡೆಯುತ್ತಿರುವಾಗ ಹೊದಿಕೆ ಸಲ್ಲದು. ನಿಲ್ಲಿಸಿ ಆರಿದ ಮೇಲೆ ಧೂಳಿಗೆಂದು ಹೊದಿಸಿಕೊಳ್ಳಲಿ. ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗವಿರಲಿ. ಹೊರಗಿರುವ ವಿದ್ಯುತ್ತಿನ ಇಟ್ಟಿಗೆಯನ್ನು, ಎಂದರೆ ಅಡಾಪ್ಟರನ್ನು, ಕಂಬಳಿಯ ಮೇಲೆಯೂ ಕಾಗದಗಳ ಅಡಿಯಲ್ಲಿಯೂ ಇಡಬಾರದು.

ಎತ್ತರವನ್ನು ಗೊತ್ತುಮಾಡುವುದು ಕೂತು ನೋಡುವವರ ಕಣ್ಣಿನಿಂದ, ಮೇಜಿನ ಅಂದದಿಂದಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇಲ್ಲವೆ ಅದಕ್ಕಿಂತ ತುಸು ಕೆಳಗಿದ್ದು, ಪರದೆಯು ಚಾಚಿದ ತೋಳಿನಷ್ಟು ದೂರದಲ್ಲಿರಬೇಕು. ಓದುವ ಗಾಜು ಕೆಳಭಾಗದಲ್ಲಿರುವ ಕನ್ನಡಕದವರು ಇನ್ನೂ ತಗ್ಗಿಸಿಕೊಳ್ಳಬೇಕು. ಇಲ್ಲದಿದ್ದರೆ ಅಕ್ಷರಕ್ಕಾಗಿ ಗಲ್ಲವೆತ್ತಿ ನೋಡಿ ನೋಡಿ ಕತ್ತು ನೋಯುವುದು. ಒಂದೇ ಯಂತ್ರವನ್ನು ತಾಯಿಯೂ ಮಗಳೂ ಬಳಸುವ ಮನೆಯಲ್ಲಿ ಪ್ರತಿ ಸಲವೂ ಏರಿಸಿ ಇಳಿಸಿಕೊಳ್ಳುವುದಕ್ಕೆ ಸಂಕೋಚವೇಕೆ? ಹಣ ಕೊಟ್ಟುದು ಅದಕ್ಕಾಗಿಯೇ ಅಲ್ಲವೆ?

ಉಪಕರಣವಿಲ್ಲದೆ ಕೂಡಿದುದನ್ನು ಉಪಕರಣವಿಲ್ಲದೆ ಬಿಡಿಸಬಹುದೆಂಬುದನ್ನು ಕಳ್ಳನೂ ಬಲ್ಲನು. ಬೀದಿಯ ಕಿಟಕಿಯ ಪಕ್ಕದಲ್ಲಿ ಮೇಜಿರುವವರು ಕಂಪ್ಯೂಟರಿನ ಮೈಯಲ್ಲಿ ಬೀಗದ ಸಣ್ಣ ಸೀಳಿದೆಯೇ ಎಂದು ನೋಡಿ, ಅದಕ್ಕೆಂದೇ ಮಾರುವ ತಂತಿಬೀಗವನ್ನು ಹಾಕಿಸಿಕೊಳ್ಳಬಹುದು. ಪೆಟ್ಟಿಗೆಯಲ್ಲಿ ನಾಲ್ಕು ಸ್ಕ್ರೂಗಳ ಪೊಟ್ಟಣವೊಂದು ಉಳಿದರೆ ಗಾಬರಿಯಾಗಬೇಡಿರಿ. ಕಾಗದದ ಚಿತ್ರದಲ್ಲಿ ಅವುಗಳ ಬಳಕೆ ಕಾಣದಿದ್ದರೆ, ಅವು ಬಹುಶಃ ಮಾನಿಟರನ್ನು ಗೋಡೆಗೆ ತೂಗುಹಾಕುವವರಿಗಾಗಿ ಇಟ್ಟವು. ಪೊಟ್ಟಣವನ್ನೂ ಚಿತ್ರದ ಕಾಗದವನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ರಸೀತಿಯ ಜೊತೆಗೆ ಪೆಟ್ಟಿಗೆಯಲ್ಲಿಯೇ ಇಟ್ಟು, ಖಾತರಿಯ ಅವಧಿ ಮುಗಿಯುವವರೆಗೆ ಆ ಪೆಟ್ಟಿಗೆಗಳನ್ನು ಅಟ್ಟದ ಮೇಲೆ ಒದ್ದೆ ತಗಲದ ಕಡೆ ಇರಿಸುವುದು.