ಪಾಲಾದ ಮೇಲೂ ಉಳಿಯುವ ಲೆಕ್ಕ

ಮನೆತನವೊಂದು ಪಾಲಾಗುವಾಗ ಹಿರಿಯರು ಹೊಲವನ್ನು ಅಳೆದು ಕೊಡುತ್ತಾರೆ, ಪಾತ್ರೆಗಳನ್ನು ಎಣಿಸಿ ಕೊಡುತ್ತಾರೆ, ದನಕರುಗಳಿಗೆ ಬೆಲೆ ಕಟ್ಟಿ ಹಂಚುತ್ತಾರೆ. ಆದರೆ ಹೊಲದ ನಡುವಿನ ಬಾವಿಯನ್ನು ಎರಡು ಮಾಡಲು ಬರುವುದಿಲ್ಲ. ಬಂಡಿ ಹೋಗುವ ದಾರಿಯನ್ನು ಸೀಳಲು ಬರುವುದಿಲ್ಲ. ಆದ್ದರಿಂದಲೇ ತಿಳಿವಳಿಕೆಯುಳ್ಳವರು ಪಾಲುಪತ್ರದಲ್ಲಿ ನೀರಿನ ಸರದಿಯನ್ನೂ ದಾರಿಯ ಹಕ್ಕನ್ನೂ ತಪ್ಪದೆ ಬರೆಸುತ್ತಾರೆ. ಅದನ್ನು ಬರೆಸದ ಪಾಲು ಕಾಗದದ ಮೇಲೆ ಎಷ್ಟೇ ನ್ಯಾಯವಾಗಿ ಕಂಡರೂ ಮುಂದಿನ ಬೇಸಿಗೆಯ ಹೊತ್ತಿಗೆ ಅಣ್ಣತಮ್ಮಂದಿರನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸುತ್ತದೆ.

ದೇಶದಿಂದ ಒಂದು ಪ್ರಾಂತ ಬೇರ್ಪಡುವ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ‘ನಮ್ಮ ದುಡಿಮೆಯನ್ನು ಅವರು ಉಣ್ಣುತ್ತಿದ್ದಾರೆ’ ಎಂದು ಸಿರಿವಂತ ಭಾಗವೂ, ‘ನಮ್ಮನ್ನು ಅವರು ಏಳಗೊಡುತ್ತಿಲ್ಲ’ ಎಂದು ಬಡ ಭಾಗವೂ ದೂರುವುದು ಜಗತ್ತಿನ ಅನೇಕ ಕಡೆ ಕೇಳಿಬರುವ ಮಾತು. ತೆರಿಗೆ ಎಷ್ಟು ಕೊಟ್ಟೆವು, ಅನುದಾನ ಎಷ್ಟು ಪಡೆದೆವು ಎಂಬ ಲೆಕ್ಕ ಸುಲಭವಾದುದು. ಬಾವಿಯ ಮತ್ತು ದಾರಿಯ ಲೆಕ್ಕವೇ ಕಠಿಣವಾದುದು. ದೇಶಗಳಿಗೆ ಹಣದ ಚಲಾವಣೆಯೇ ಬಾವಿ, ಮಾರುಕಟ್ಟೆಯೇ ದಾರಿ. ಈ ಮಾತಿನ ಮರ್ಮವನ್ನು ತಿಳಿಯಲು ಜೆಕೊಸ್ಲೊವಾಕಿಯ ದೇಶದ ಕಥೆಯನ್ನು ಈ ತಿಂಗಳು ವಿಚಾರಿಸೋಣ.

ಮಧ್ಯ ಯುರೋಪಿನ ಈ ದೇಶವು ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಹುಟ್ಟಿತು. ಪಶ್ಚಿಮದ ಜೆಕ್ ಭಾಗದಲ್ಲಿ ಸುಮಾರು 1 ಕೋಟಿ, ಪೂರ್ವದ ಸ್ಲೊವಾಕ್ ಭಾಗದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡು ಹೊಸ ಆರ್ಥಿಕ ನೀತಿ ಬಂದಾಗ ಎರಡು ಭಾಗಗಳ ಮೇಲೆ ಅದರ ಪರಿಣಾಮ ಸಮನಾಗಿ ಆಗಲಿಲ್ಲ. ಶಸ್ತ್ರಾಸ್ತ್ರ ತಯಾರಿಕೆ ಹಾಗೂ ಭಾರೀ ಕೈಗಾರಿಕೆಗಳನ್ನು ಹೆಚ್ಚಾಗಿ ನೆಚ್ಚಿದ್ದ ಸ್ಲೊವಾಕಿಯದಲ್ಲಿ ಹಳೆಯ ಗಿರಾಕಿಗಳು ಇಲ್ಲವಾಗಿ ಕಾರ್ಖಾನೆಗಳು ಸೊರಗಿದವು. 1992ರ ಹೊತ್ತಿಗೆ ಅಲ್ಲಿ ದುಡಿಯಬಲ್ಲ ನೂರು ಜನರಲ್ಲಿ ಹತ್ತು ಮಂದಿಯಷ್ಟು ಕೆಲಸವಿಲ್ಲದವರಾದರೆ, ಜೆಕ್ ಭಾಗದಲ್ಲಿ ಮೂವರಷ್ಟೇ ಹಾಗಿದ್ದರು. ಆ ವರ್ಷದ ಜೂನ್ ಚುನಾವಣೆಯಲ್ಲಿ ಜೆಕ್ ಭಾಗದಲ್ಲಿ ಗೆದ್ದ ವಾಟ್ಸ್ಲಾವ್ ಕ್ಲೌಸ್ ಅವರಿಗೆ ಸುಧಾರಣೆ ಬೇಗ ಆಗಬೇಕಾಗಿತ್ತು; ಸ್ಲೊವಾಕಿಯದಲ್ಲಿ ಗೆದ್ದ ವ್ಲಾದಿಮಿರ್ ಮೆಚಿಯಾರ್ ಅವರಿಗೆ ಅದು ನಿಧಾನವಾಗಿ ಆಗಬೇಕಾಗಿತ್ತು. ಮಾತುಕತೆ ಬೇರ್ಪಡುವುದರಲ್ಲಿ ಮುಗಿಯಿತು. ಜನಮತ ಸಂಗ್ರಹ ನಡೆಯಲೇ ಇಲ್ಲ. ನವೆಂಬರ್ 25ರಂದು ಸಂಸತ್ತು ಶಾಸನವನ್ನು ಅಂಗೀಕರಿಸಿತು. 1993ರ ಜನವರಿ 1ರಂದು ಒಂದು ಹನಿ ರಕ್ತವೂ ಚೆಲ್ಲದೆ ಒಂದು ದೇಶ ಎರಡಾಯಿತು.

ಆಸ್ತಿ ಹಂಚಿಕೆಗೆ ಅವರು ಸರಳವಾದ ಸೂತ್ರವನ್ನು ಹಿಡಿದರು. ಕಟ್ಟಡ, ಭೂಮಿ ಮೊದಲಾದ ಸ್ಥಿರಾಸ್ತಿ ಇದ್ದ ನೆಲದವರಿಗೇ ಸೇರಬೇಕು. ಉಳಿದುದು ಜನಸಂಖ್ಯೆಗೆ ಅನುಸಾರವಾಗಿ ಎರಡು ಪಾಲು ಜೆಕ್‌ಗೆ, ಒಂದು ಪಾಲು ಸ್ಲೊವಾಕಿಯಕ್ಕೆ. ಸೈನ್ಯದ ಸಾಮಗ್ರಿಗೂ ಸಾಲಕ್ಕೂ ಹೆಚ್ಚುಕಡಿಮೆ ಇದೇ ಅಳತೆ. ಇಲ್ಲಿಯವರೆಗೆ ಎಲ್ಲವೂ ಸುಗಮವೇ.

ತೊಡಕು ಬಂದುದು ಬಾವಿಯಲ್ಲಿ. ಕೊರುನಾ ಎಂಬ ತಮ್ಮ ಹಣವನ್ನು ಕನಿಷ್ಠ ಆರು ತಿಂಗಳಾದರೂ ಇಬ್ಬರೂ ಕೂಡಿಯೇ ಬಳಸೋಣವೆಂದು ಅವರು ಒಪ್ಪಿಕೊಂಡಿದ್ದರು. ಆದರೆ ಸ್ಲೊವಾಕಿಯದ ಹಣ ಬೇರೆಯಾದರೆ ಅದರ ಬೆಲೆ ಇಳಿಯುವುದೆಂಬ ಅಂಜಿಕೆ ಜನರಲ್ಲಿ ಹಬ್ಬಿತು. ಉಳಿತಾಯ ಉಳ್ಳವರು ತಮ್ಮ ಠೇವಣಿಯನ್ನು ಜೆಕ್ ಬ್ಯಾಂಕುಗಳಿಗೆ ಸಾಗಿಸತೊಡಗಿದರು. ಹಾಗಾಗಿ ಆರು ತಿಂಗಳ ಮಾತು ಆರು ವಾರಕ್ಕೂ ನಿಲ್ಲಲಿಲ್ಲ. ಫೆಬ್ರವರಿ 8ರಂದು ಹಣ ಬೇರೆಯಾಯಿತು. ಹೊಸ ನೋಟು ಅಚ್ಚಾಗಿ ಬರುವವರೆಗೆ ಹಳೆಯ ನೋಟುಗಳಿಗೆ ಚಿಕ್ಕ ಚೀಟಿ ಅಂಟಿಸಿ ಅವನ್ನೇ ಚಲಾವಣೆಗೆ ಬಿಟ್ಟರು. ಜುಲೈಯಲ್ಲಿ ಸ್ಲೊವಾಕ್ ಕೊರುನಾದ ಬೆಲೆಯನ್ನು ಶೇಕಡಾ 10ರಷ್ಟು ಇಳಿಸಲಾಯಿತು. ಜನರ ಅಂಜಿಕೆ ನಿಜವಾಯಿತು. ರಾಜಕಾರಣಿಗಳ ಸಹಿಗಿಂತ ಗೃಹಸ್ಥನ ಅಂಜಿಕೆಯೇ ಬಲವಾದುದೆಂಬುದು ಇದರಿಂದ ವಿದಿತವಾಗುತ್ತದೆ.

ಬ್ಯಾಂಕುಗಳ ಲೆಕ್ಕದ ವಿವಾದವಂತೂ ಇನ್ನೂ ದೀರ್ಘವಾಯಿತು. ಬಾಕಿ ಬರಬೇಕೆಂಬ ಕಾರಣಕ್ಕೆ ಜೆಕ್ ಕಡೆಯವರು ಸ್ಲೊವಾಕಿಯದ ಪಾಲಿನ ಸುಮಾರು 4 ಟನ್ ಚಿನ್ನವನ್ನು ತಡೆಹಿಡಿದರು. ಅದು ಅವರ ಕೈ ಸೇರಿದ್ದು 2000ದಲ್ಲಿ. ಸೌಹಾರ್ದದಿಂದ ಬೇರೆಯಾದವರಿಗೇ ಚಿನ್ನದ ಲೆಕ್ಕ ಮುಗಿಸಲು ಏಳು ವರ್ಷ ಬೇಕಾದವು ಎಂಬುದನ್ನು ನಾವು ಮರೆಯಬಾರದು.

ಆದರೆ ಒಂದು ವಿವೇಕವನ್ನು ಅವರು ಕೈಬಿಡಲಿಲ್ಲ: ದಾರಿಯನ್ನು ಮುಚ್ಚಲಿಲ್ಲ. ಮೊದಲ ದಿನದಿಂದಲೇ ಸುಂಕದ ಒಕ್ಕೂಟವನ್ನು ಏರ್ಪಡಿಸಿಕೊಂಡು, ಒಬ್ಬರ ಸರಕು ಇನ್ನೊಬ್ಬರಲ್ಲಿಗೆ ಸುಂಕವಿಲ್ಲದೆ ಹೋಗುವಂತೆ ಮಾಡಿದರು. ಆದರೂ ಮೊದಲ ವರ್ಷ ಪರಸ್ಪರ ವ್ಯಾಪಾರ ಬಹಳ ಕುಸಿಯಿತು. ಕಾಲಕ್ರಮದಲ್ಲಿ ಗಾಯ ಮಾಯಿತು. 2004ರ ಮೇ 1ರಂದು ಇಬ್ಬರೂ ಯುರೋಪಿಯನ್ ಒಕ್ಕೂಟವನ್ನು ಸೇರಿದರು. ಸ್ಲೊವಾಕಿಯ 2009ರಲ್ಲಿ ಯೂರೋ ಹಣವನ್ನು ಒಪ್ಪಿಕೊಂಡಿತು. ಕಾರು ಕಾರ್ಖಾನೆಗಳನ್ನು ಕರೆತಂದು, ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ತಯಾರಿಸುವ ದೇಶವಾಯಿತು. ಬೇರೆಯಾದವರೆಲ್ಲ ಹಾಳಾಗುತ್ತಾರೆಂಬ ಮಾತು ಸುಳ್ಳು. ಆದರೆ ಅವರು ಏಳಿಗೆ ಕಂಡದ್ದು ಗೋಡೆಯಿಂದಲ್ಲ, ತೆರೆದ ಬಾಗಿಲಿನಿಂದ ಎಂಬುದೂ ಅಷ್ಟೇ ನಿಜ.

ದಾರಿ ಮುಚ್ಚಿದರೆ ಏನಾಗುತ್ತದೆಂಬುದನ್ನು ಅರಿಯಲು ನಮ್ಮ ದೇಶದ ಇತಿಹಾಸವೇ ಸಾಕು. 1947ರ ವಿಭಜನೆಯಲ್ಲಿ ನಗದನ್ನೂ ಸಾಲವನ್ನೂ ಹಂಚಿಕೊಂಡರು. 1948ರ ಜೂನ್ ಕೊನೆಯವರೆಗೆ ನಮ್ಮ ರಿಸರ್ವ್ ಬ್ಯಾಂಕೇ ಪಾಕಿಸ್ತಾನದ ಹಣವನ್ನೂ ನೋಡಿಕೊಂಡಿತು. ಆದರೆ ಸೆಣಬಿನ ಗಿರಣಿಗಳು ಕಲ್ಕತ್ತೆಯ ಹೂಗ್ಲಿ ದಂಡೆಯಲ್ಲಿ ಉಳಿದವು, ಸೆಣಬು ಬೆಳೆಯುವ ಹೊಲಗಳ ಬಹುಭಾಗ ಪೂರ್ವ ಬಂಗಾಲಕ್ಕೆ ಹೋಯಿತು. 1949ರ ಸೆಪ್ಟೆಂಬರ್‌ನಲ್ಲಿ ಭಾರತ ತನ್ನ ರೂಪಾಯಿಯ ಬೆಲೆ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ವಿನಿಮಯದ ದರವನ್ನು ಒಪ್ಪಿಕೊಳ್ಳಲಾಗದೆ ವ್ಯಾಪಾರವೇ ನಿಂತುಹೋಯಿತು. ಇತ್ತ ಗಿರಣಿಗೆ ನಾರಿಲ್ಲ, ಅತ್ತ ರೈತನಿಗೆ ಹಳೆಯ ಕೊಳ್ಳುವವನಿಲ್ಲ. ಕೊನೆಗೆ ಇಲ್ಲಿ ಹೊಸದಾಗಿ ಸೆಣಬು ಬೆಳೆಸಬೇಕಾಯಿತು, ಅಲ್ಲಿ ಹೊಸದಾಗಿ ಗಿರಣಿ ಕಟ್ಟಬೇಕಾಯಿತು. ಒಂದೇ ಸಂಸಾರಕ್ಕೆ ಸಾಕಾಗುತ್ತಿದ್ದುದನ್ನು ಇಬ್ಬರೂ ಎರಡು ಸಲ ಹೂಡಿದಂತಾಯಿತು.

ಬೇರ್ಪಡುವ ಹಕ್ಕು ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬ ರಾಜಕೀಯ ತೀರ್ಪನ್ನು ನೀಡಲು ನಾವು ಈ ಅಂಕಣದಲ್ಲಿ ಹೊರಟಿಲ್ಲ. ಅದರಲ್ಲಿ ಭಾಷೆ, ಮಾನ, ನೋವುಗಳ ಪ್ರಶ್ನೆಗಳಿವೆ; ಅವು ತಕ್ಕಡಿಯಲ್ಲಿ ತೂಗುವಂಥವಲ್ಲ. ಆದರೆ ಲಾಭದ ಆಸೆ ತೋರಿಸಿ ಪಾಲಿನ ಮಾತಾಡುವವರನ್ನು ವಿಚಾರವಂತರಾದ ಓದುಗರು ಮೂರು ಪ್ರಶ್ನೆ ಕೇಳಬೇಕು. ಹಳೆಯ ಸಾಲವನ್ನು ಯಾರು ಹೊರುತ್ತಾರೆ? ಮುಪ್ಪಿನವರ ನಿವೃತ್ತಿ ವೇತನ ಮತ್ತು ಠೇವಣಿ ಯಾವ ಹಣದಲ್ಲಿ ಕೈಗೆ ಬರುತ್ತವೆ? ನಮ್ಮ ಬೆಳೆ ಹೊತ್ತ ಲಾರಿ ಹೊಸ ಗಡಿಯಲ್ಲಿ ಎಷ್ಟು ದಿನ ನಿಲ್ಲುತ್ತದೆ? ಇವಕ್ಕೆ ಸ್ಪಷ್ಟವಾದ ಉತ್ತರ ಬರೆದಿಟ್ಟ ಮೇಲೆ ಆಗುವ ಪಾಲು ನೋವನ್ನು ಕೊಟ್ಟರೂ ನಾಶವನ್ನು ತರದು. ಉತ್ತರವಿಲ್ಲದೆ ಆಗುವ ಪಾಲಿನ ಬೆಲೆಯನ್ನು ತೆರುವವರು ಭಾಷಣ ಮಾಡಿದವರಲ್ಲ. ದಿನದ ದುಡಿಮೆಯಿಂದ ಮನೆ ನಡೆಸುವ ಸಾಮಾನ್ಯ ಜನರು.