ಸೂಜಿಯಂಥ ಹುಳ, ಜೊಂಡಿನ ಮನೆ

ನಮ್ಮ ಕಡೆ ಹುಡುಗರಿಗೆ ಅದು ಏರೋಪ್ಲೇನ್ ಚಿಟ್ಟೆ. ಇಲ್ಲಿ ಚೆನ್ನೈನಲ್ಲಿ ತುಂಬಿ, ಇಲ್ಲವೆ ತಟ್ಟಾನ್. ತುಂಬಿ ಅಂದರೆ ನಮಗೆ ಹೂವಿನ ಸುತ್ತ ಗುಂಯ್‌ಗುಡುವ ದುಂಬಿ. ತಮಿಳರು ಮೈದಾನದ ಮೇಲೆ ಹಾರಾಡುವ ನಾಲ್ಕು ರೆಕ್ಕೆಯದನ್ನು ತೋರಿಸುತ್ತಾರೆ. ಪದ ಒಂದೇ, ಹುಳ ಬೇರೆ! ಅದರಲ್ಲೇ ತೀರಾ ತೆಳ್ಳಗಿರುವುದಕ್ಕೆ ಊಸಿತ್ತಟ್ಟಾನ್ ಎನ್ನುತ್ತಾರೆ. ಊಸಿ ಅಂದರೆ ಸೂಜಿ. ಇಂಗ್ಲಿಷಿನ ಡ್ಯಾಮ್ಸೆಲ್‌ಫ್ಲೈಗಿಂತ ನನಗೆ ಇದೇ ಇಷ್ಟ. ನಾವೂ ಸೂಜಿ ಚಿಟ್ಟೆ ಅನ್ನೋಣ.

ಏರೋಪ್ಲೇನ್ ಚಿಟ್ಟೆ ಕೂತಾಗಲೂ ರೆಕ್ಕೆ ಚಾಚಿಕೊಂಡಿರುತ್ತದೆ. ಸೂಜಿ ಚಿಟ್ಟೆಗಳಲ್ಲಿ ಹೆಚ್ಚಿನವು ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಳ್ಳುತ್ತವೆ; ಎರಡು ಕಣ್ಣುಗಳ ನಡುವೆ ಜಾಗವೂ ಇರುತ್ತದೆ. ಇವುಗಳಲ್ಲಿ ಒಂದು ಈ ಕರಾವಳಿಯ ಹೆಸರನ್ನೇ ಹೊತ್ತಿದೆ: ಸೆರಿಯಾಗ್ರಿಯಾನ್ ಕೋರಮಂಡೆಲಿಯಾನಮ್. 1798ರಲ್ಲಿ ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ಇಟ್ಟ ಹೆಸರು. ಉದ್ದ ಸುಮಾರು ಒಂದೂವರೆ ಅಂಗುಲ. ಗಂಡಿಗೆ ಹಸಿರು ಕಣ್ಣು, ಮಾಸಲು ಹಸಿರು ಎದೆ, ಕಪ್ಪು ಗುರುತಿಲ್ಲದ ಅಪ್ಪಟ ಹಳದಿ ಬಾಲ. ಹೆಣ್ಣಿನ ಬಣ್ಣ ಮಂಕು. ಬಾಲದ ಎರಡೂ ತುದಿ ಕೆಂಪಗಿದ್ದರೆ ಅದು ಇದರ ದಾಯಾದಿ. ಕಪ್ಪು ಬಾಲದ ತುದಿಯಲ್ಲಿ ನೀಲಿ ದೀಪ ಹಚ್ಚಿದಂತಿದ್ದರೆ ಬೇರೆಯದೇ ಕುಲ. ಕೆ.ಎ. ಸುಬ್ರಮಣಿಯನ್ ಅವರ 2005ರ ಕೈಪಿಡಿ ಜೊತೆಗಿದ್ದರೆ ಹೊಸಬರೂ ಗುರುತಿಸಬಹುದು.

ಇದೇನು ಅಪರೂಪದ್ದೇ? ಅಲ್ಲ, ತೀರಾ ಸಾಮಾನ್ಯ. ನನ್ನ ತಕರಾರು ಇರುವುದೇ ಅಲ್ಲಿ. ಅಪರೂಪದ ಹಕ್ಕಿ ಬಾರದಿದ್ದರೆ ಪೇಪರಿನಲ್ಲಿ ಸುದ್ದಿಯಾಗುತ್ತದೆ. ಸಾಮಾನ್ಯದ ಹುಳ ಒಂದು ಕೆರೆಯಿಂದ ಕಾಣೆಯಾದರೆ ಕೇಳುವವರು ಯಾರು?

ಅದಕ್ಕೆ ಬೇಕಾದ್ದು ಬರೀ ನೀರಲ್ಲ, ನೀರಿನ ಅಂಚು. ಹೆಣ್ಣು ಮೊಟ್ಟೆ ಇಡುವುದು ನೀರುಗಿಡದ ದಂಟನ್ನು ಕೊರೆದು, ಅದರೊಳಗೆ. ಮರಿ ಬೆಳೆಯುವುದು ನೀರಿನಡಿ, ಕಳೆಗಿಡಗಳ ಸಂದಿಯಲ್ಲಿ. ಸೊಳ್ಳೆಮರಿಯೂ ಅದಕ್ಕೆ ಊಟ. ರೆಕ್ಕೆ ಬರುವ ಕಾಲಕ್ಕೆ ಒಂದು ಕಡ್ಡಿ ಹಿಡಿದು ಮೇಲೆ ಹತ್ತಿ ಪೊರೆ ಕಳಚುತ್ತದೆ. ನಾವು ಕಸ ಅಂತ ಕೀಳುವ ಜೊಂಡೇ ಅದಕ್ಕೆ ಹೆರಿಗೆಮನೆ, ತೊಟ್ಟಿಲು, ಏಣಿ ಎಲ್ಲ.

ಈಗ ಪಳ್ಳಿಕರಣೈ ನೋಡಿ. ದಕ್ಷಿಣ ಚೆನ್ನೈನ ಹತ್ತಾರು ಕೆರೆಗಳ ಕೋಡಿ ನೀರು ಇಳಿಯುವ ಜೌಗು. ಇಲ್ಲಿಂದ ನೀರು ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಗೆ, ಅಲ್ಲಿಂದ ಸಮುದ್ರಕ್ಕೆ. ಸರ್ಕಾರಿ ಕಾಗದದಲ್ಲಿ ಎಷ್ಟೋ ಕಾಲ ಇದು ಬರೀ ಪಾಳುಜಮೀನು. ಪಾಳು ಅಂದಮೇಲೆ ಕೇಳಬೇಕೆ... ಒಂದು ಮೂಲೆಗೆ ಪೆರುಂಗುಡಿಯ ಕಸದ ಗುಡ್ಡ ಬಂತು, ನಡುವೆ ರಸ್ತೆ ಬಂತು, ಸುತ್ತ ಐಟಿ ಕಂಪನಿಗಳು, ನಮ್ಮಂಥ ವಲಸಿಗರು ಇರುವ ಅಪಾರ್ಟ್‌ಮೆಂಟುಗಳು ಬಂದವು. 2015ರ ಡಿಸೆಂಬರಿನಲ್ಲಿ ನೀರು ತನ್ನ ಹಳೇ ಜಾಗ ಹುಡುಕಿಕೊಂಡು ವೇಳಚೇರಿಗೆ ಬಂದಾಗ ಎಲ್ಲರಿಗೂ ಜೌಗು ನೆನಪಾಯಿತು. 2022ರಲ್ಲಿ, ನಮ್ಮ ರಂಗನತಿಟ್ಟಿಗೆ ರಾಮ್ಸರ್ ಪಟ್ಟ ಸಿಕ್ಕ ವರ್ಷವೇ, ಇಲ್ಲಿನ ಸುಮಾರು 1,247 ಹೆಕ್ಟೇರಿಗೂ ಅದು ಸಿಕ್ಕಿತು. ಸಂತೋಷ.

ಆದರೆ ಪಟ್ಟ ಸಿಗದ ಸಣ್ಣ ಕೆರೆಗಳ ಗತಿ? ಅಲ್ಲಿ ನಡೆಯುವುದು 'ಅಭಿವೃದ್ಧಿ'. ಜೊಂಡು ಕಿತ್ತು, ಹೂಳೆತ್ತಿ, ದಡವನ್ನು ಕಡಿದಾಗಿ ಕೊರೆದು, ಕಲ್ಲು ಜೋಡಿಸಿ, ಮೇಲೊಂದು ವಾಕಿಂಗ್ ಪಾಥ್. ಬೆಂಗಳೂರಿನಲ್ಲೂ ಇದನ್ನು ಕಂಡಿದ್ದೇವೆ, ಸೂಪ್ ಬಟ್ಟಲಿನಂಥ ಕೆರೆ. ಫೋಟೋಗೆ ಚೆಂದ. ಸೂಜಿ ಚಿಟ್ಟೆ ಮೊಟ್ಟೆ ಇಡುವುದೆಲ್ಲಿ, ಕಲ್ಲಿನ ಮೇಲೆಯೇ?

ಜೊಂಡಿದ್ದರೆ ಹಾವು ಬರುತ್ತೆ, ಸೊಳ್ಳೆ ಬರುತ್ತೆ ಅನ್ನುವವರ ಭಯ ಸುಳ್ಳಲ್ಲ. ಚರಂಡಿ ನೀರು ಬಿಟ್ಟ ಕೆರೆಯಲ್ಲಿ ಸೊಳ್ಳೆ ಬಂದೇ ಬರುತ್ತದೆ. ಆ ತಪ್ಪು ಚರಂಡಿಯದು, ಜೊಂಡಿನದಲ್ಲ. ಕೆರೆಯನ್ನೇ ಮುಚ್ಚಿಬಿಡುವ ಅಂತರಗಂಗೆಯನ್ನು ತೆಗೆಯಲಿ, ಬೇಡವೆನ್ನುವುದಿಲ್ಲ. ನಡೆಯುವವರಿಗೆ ಒಂದು ದಡ ಇರಲಿ. ಇನ್ನೊಂದು ದಡವನ್ನು ಮಣ್ಣಿನ ಇಳಿಜಾರಾಗಿಯೇ, ಹುಲ್ಲು ಜೊಂಡಿನ ಸಮೇತ ಬಿಡಿ. ಇಷ್ಟೇ ನನ್ನ ವಾದ.

ನಿಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ 'ಕೆರೆ ಕ್ಲೀನ್ ಮಾಡಿಸೋಣ' ಅನ್ನುವ ಮಾತು ಬಂದಾಗ ಅಂಚನ್ನೂ ಕ್ಲೀನ್ ಮಾಡುತ್ತೀರಾ ಅಂತ ಒಂದು ಸಲ ಕೇಳಿ. ಅದಕ್ಕೂ ಮೊದಲು ಹೋಗಿ ಕಾಲಬುಡದ ಹುಲ್ಲು ನೋಡಿ ಬನ್ನಿ. ಹಳದಿ ಸೂಜಿ ಕಂಡಿತೋ, ಆ ಕೆರೆಗೆ ಇನ್ನೂ ದಡ ಉಳಿದಿದೆ ಅಂತ ಲೆಕ್ಕ.